ಹಾಸನದ ಹಗಲಿಗೆ ಯಾವ ಬೆಳ್ಳುಳ್ಳಿ ಗಡ್ಡೆ ಕಟ್ಟುತ್ತದೆ?

ನಾಲ್ಕು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ನಮ್ಮ ಹಿತ್ತಲಿನ ಮಡಿಯಿಂದ ಮೊದಲ ಬೆಳ್ಳುಳ್ಳಿ ಗಿಡ ಕಿತ್ತೆ. ಕೈಗೆ ಬಂದದ್ದು ಗೋಲಿ ಗಾತ್ರದ ಒಂದು ಉಂಡೆ. ಸಿಪ್ಪೆ ಸುಲಿದರೆ ಒಳಗೆ ಎಸಳುಗಳೇ ಇಲ್ಲ, ಇಡೀ ಉಂಡೆಯೇ ಒಂದು ಎಸಳು. ಪಕ್ಕದ ಗಿಡ ಕಿತ್ತೆ. ಅದರಲ್ಲಿ ಅಷ್ಟೂ ಇರಲಿಲ್ಲ. ಬುಡ ಹೆಬ್ಬೆರಳಿನಷ್ಟು ದಪ್ಪಗಾಗಿ ಈರುಳ್ಳಿ ಸೊಪ್ಪಿನ ಹಾಗೆ ನಿಂತಿತ್ತು. ಎಲೆ ಮಾತ್ರ ಮೊಣಕಾಲುದ್ದ, ಕಡು ಹಸಿರು. ಗೊಬ್ಬರ ಕಡಿಮೆ ಮಾಡಿರಲಿಲ್ಲ, ನೀರು ತಪ್ಪಿಸಿರಲಿಲ್ಲ.

ನಮ್ಮತ್ತೆ ಒಂದು ಉಂಡೆ ತಿರುಗಿಸಿ ನೋಡಿ, "ಒಂಟಿ ಬೆಳ್ಳುಳ್ಳಿ ಕಣಮ್ಮ ಇದು, ಬಿಸಾಕ್ಬೇಡ. ಯಾವ್ ಬೀಜ ಹಾಕಿದ್ದೆ?" ಅಂದರು. ಅಂಗಡಿಯಲ್ಲಿ ದಪ್ಪ ದಪ್ಪ ಎಸಳಿನ ಹಿಮಾಚಲದ ಬೆಳ್ಳುಳ್ಳಿ ಕಂಡು ಆಸೆಪಟ್ಟು ತಂದಿದ್ದೆ ಅಂದೆ. "ಅದು ಆ ಸೀಮೆದು. ನಮ್ ಸೀಮೆಗೆ ಜವಾರಿ ಹಾಕ್ಬೇಕು" ಅಂತ ಹೇಳಿ ಅವರು ಒಳಗೆ ಹೋದರು.

ಅವರ ಮಾತು ಸರಿಯಾಗಿತ್ತು. ಯಾಕೆ ಸರಿ ಅನ್ನುವುದು ನನಗೆ ಗೊತ್ತಾಗಲು ಇನ್ನೂ ಎರಡು ಬೆಳೆ ಬೇಕಾಯಿತು. ಬೆಳ್ಳುಳ್ಳಿ ಹಾಕುವವರು ಸಾಮಾನ್ಯವಾಗಿ ಮಣ್ಣು, ಗೊಬ್ಬರ, ನೀರಿನ ಬಗ್ಗೆ ಕೇಳುತ್ತಾರೆ. ಮೊದಲು ಕೇಳಬೇಕಾದ್ದು ಬೇರೆ. ನಮ್ಮ ಊರಿನ ಹಗಲು ಎಷ್ಟು ಉದ್ದ, ಚಳಿ ಎಷ್ಟು, ನನ್ನ ಕೈಲಿರುವ ಎಸಳಿಗೆ ಅದು ಸಾಕಾಗುತ್ತದಾ? ಇದೊಂದು ಅರ್ಥವಾದರೆ ಮಿಕ್ಕದ್ದೆಲ್ಲ ತರಕಾರಿ ಬೆಳೆದು ಗೊತ್ತಿರುವ ಯಾರಿಗಾದರೂ ಬರುವ ಕೆಲಸ.

ಗಡ್ಡೆ ಅಂದರೆ ಗಿಡ ಕಟ್ಟಿಕೊಂಡ ಬುತ್ತಿ

ಬೆಳ್ಳುಳ್ಳಿಯ ತವರು ಮಧ್ಯ ಏಷ್ಯಾ. ಈಗಿನ ಕಜಕಿಸ್ತಾನ, ಉಜ್ಬೇಕಿಸ್ತಾನದ ಕಡೆಯ ಬೆಟ್ಟದ ಸೀಮೆ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಬೇಸಿಗೆಯಲ್ಲಿ ನೆಲ ಒಣಗಿ ಬಿರಿಯುತ್ತದೆ. ಅಂಥ ಕಡೆ ಬದುಕಲು ಗಿಡ ಒಂದು ದಾರಿ ಕಂಡುಕೊಂಡಿತು. ಚಳಿಯಲ್ಲಿ ಬೇರು ಬಿಟ್ಟು ಕಾಯುವುದು, ಚಳಿ ಇಳಿದ ಮೇಲೆ ಎಲೆ ಬೆಳೆಸುವುದು, ಬೇಸಿಗೆ ಸುಡುವ ಮೊದಲು ಎಲೆಯಲ್ಲಿದ್ದ ಊಟವನ್ನೆಲ್ಲ ಬುಡಕ್ಕೆ ಇಳಿಸಿ ಮಲಗಿಬಿಡುವುದು. ಆ ಬುತ್ತಿಯೇ ನಾವು ಒಗ್ಗರಣೆಗೆ ಜಜ್ಜುವ ಬೆಳ್ಳುಳ್ಳಿ.

ಬುತ್ತಿ ಕಟ್ಟುವ ಹೊತ್ತು ಬಂತು ಅಂತ ಗಿಡಕ್ಕೆ ಗೊತ್ತಾಗುವುದು ಎರಡು ಗುರುತಿನಿಂದ. ಒಂದು, ಕೆಲವು ವಾರ ಬಿದ್ದ ಚಳಿ. ಇನ್ನೊಂದು, ಆಮೇಲೆ ದಿನದಿನಕ್ಕೆ ಉದ್ದವಾಗುವ ಹಗಲು ಮತ್ತು ಏರುವ ಬಿಸಿ. ಚಳಿ ಬಿದ್ದರೆ ಗಿಡದ ಬುಡದೊಳಗೆ ಎಲೆಗಳ ಸಂದಿಯಲ್ಲಿ ಪುಟ್ಟ ಮೊಗ್ಗುಗಳು ಏಳಲು ತಯಾರಾಗುತ್ತವೆ. ಒಂದೊಂದು ಮೊಗ್ಗೂ ಮುಂದೆ ಒಂದೊಂದು ಎಸಳು. ಹಗಲು ಸಾಕಷ್ಟು ಉದ್ದವಾದಾಗ ಆ ಮೊಗ್ಗುಗಳು ಉಬ್ಬುತ್ತವೆ. ಚಳಿ ಸಾಲದಿದ್ದರೆ ಮೊಗ್ಗು ಒಡೆಯದೆ ಇಡೀ ಬುಡವೇ ಒಂದು ಉಂಡೆಯಾಗುತ್ತದೆ. ಹಗಲೂ ಸಾಲದಿದ್ದರೆ ಗಿಡ ಇನ್ನೂ ಹೊತ್ತಾಗಿಲ್ಲ ಅಂದುಕೊಂಡು ಎಲೆ ಬಿಡುತ್ತಲೇ ಇರುತ್ತದೆ. ನನ್ನ ಮಡಿಯಲ್ಲಿ ಎರಡೂ ಆಗಿತ್ತು.

ಈಗ ನಮ್ಮ ಲೆಕ್ಕ ನೋಡೋಣ. ಹಾಸನ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಚಿಕ್ಕಮಗಳೂರು ಅದಕ್ಕಿಂತ ಒಂಚೂರು ಮೇಲೆ. ಇಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 20 ನಿಮಿಷ. ಜೂನ್‌ನಲ್ಲಿ, ವರ್ಷದ ಅತಿ ಉದ್ದದ ಹಗಲು ಕೂಡ 13 ಗಂಟೆ ಮುಟ್ಟುವುದಿಲ್ಲ. ಶಿಮ್ಲಾ ಕಡೆ ಜೂನ್ ಹಗಲು 14 ಗಂಟೆ ದಾಟುತ್ತದೆ. ಬೆಟ್ಟದ ಸೀಮೆಯ ದೊಡ್ಡ ಎಸಳಿನ ತಳಿಗಳು ಕಾಯುವುದು 13–14 ಗಂಟೆ ಹಗಲಿಗೆ. ಬಯಲಿನ ನಮ್ಮ ತಳಿಗಳಿಗೆ 10–12 ಗಂಟೆ ಹಗಲು ಸಾಕು. ಮೊದಲನೆಯದನ್ನು ಉದ್ದ ಹಗಲಿನ ತಳಿ, ಎರಡನೆಯದನ್ನು ಗಿಡ್ಡ ಹಗಲಿನ ತಳಿ ಅನ್ನೋಣ. ನಾನು ಹಾಕಿದ ಹಿಮಾಚಲದ ಎಸಳು ನಮ್ಮ ಹಿತ್ತಲಲ್ಲಿ ಬರದೇ ಇರುವ ಹಗಲಿಗೆ ಕಾದು ನಿಂತಿತ್ತು.

ಇಲ್ಲಿ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದ್ದರು. "ಊಟಿ, ಕೊಡೈಕೆನಾಲ್ ನಮಗಿಂತ ದಕ್ಷಿಣಕ್ಕಿವೆ. ಅಲ್ಲಿ ಹಗಲು ಇನ್ನೂ ಗಿಡ್ಡ. ಹಾಗಾದರೆ ಅಲ್ಲಿ ಅಷ್ಟು ಚೆನ್ನಾಗಿ ಬೆಳ್ಳುಳ್ಳಿ ಹೇಗೆ ಬರುತ್ತದೆ?" ಉತ್ತರ ಎತ್ತರದಲ್ಲಿದೆ. ಊಟಿ ಸಮುದ್ರ ಮಟ್ಟದಿಂದ 2,200 ಮೀಟರ್ ಮೇಲಿದೆ. ಅಲ್ಲಿನ ಚಳಿಯೇ ಅರ್ಧ ಕೆಲಸ ಮಾಡುತ್ತದೆ. ಚೆನ್ನಾಗಿ ಚಳಿ ಕಂಡ ಬೆಳ್ಳುಳ್ಳಿ ಸ್ವಲ್ಪ ಗಿಡ್ಡ ಹಗಲಿಗೂ ಒಪ್ಪಿಕೊಳ್ಳುತ್ತದೆ. ಹಾಸನ, ಚಿಕ್ಕಮಗಳೂರು ಪೇಟೆಗಳ ಎತ್ತರ ಹೆಚ್ಚುಕಡಿಮೆ 1,000 ಮೀಟರ್. ನಮ್ಮ ಡಿಸೆಂಬರ್ ಬೆಳಗಿಗೆ ಸ್ವೆಟರ್ ಬೇಕು ನಿಜ, ಆದರೆ ಊಟಿಯ ಚಳಿ ಇದಲ್ಲ. ಇಲ್ಲಿನ ಚಳಿ ಗಿಡ್ಡ ಹಗಲಿನ ತಳಿಗಳಿಗೆ ಸರಿಯಾಗಿ ಸಾಕಾಗುತ್ತದೆ, ಅದಕ್ಕಿಂತ ಜಾಸ್ತಿ ಕೇಳುವ ತಳಿಗೆ ಸಾಲದು.

ಒಂಟಿ ಬೆಳ್ಳುಳ್ಳಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದನ್ನು ಬೇರೆಯೇ ಜಾತಿ ಅಂದುಕೊಂಡು ಜಾಸ್ತಿ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಸಾಮಾನ್ಯವಾಗಿ ಅದು ಎಸಳು ಒಡೆಯದ ಮಾಮೂಲಿ ಬೆಳ್ಳುಳ್ಳಿಯೇ. ಬಿತ್ತಿದ ಎಸಳು ತೀರಾ ಸಣ್ಣದಿದ್ದರೆ, ತಡವಾಗಿ ಬಿತ್ತಿದರೆ, ಚಳಿ ಸಿಗದಿದ್ದರೆ ಹೀಗಾಗುತ್ತದೆ. ಜವಾರಿ ಮಡಿಯಲ್ಲಿ ಇಂಥ ನಾಲ್ಕು ಉಂಡೆ ಸಿಕ್ಕರೆ ಎತ್ತಿಟ್ಟು ಮುಂದಿನ ವರ್ಷ ಸರಿಯಾದ ಹೊತ್ತಿಗೆ ಬಿತ್ತಿ, ಎಸಳಿರುವ ಒಳ್ಳೆ ಗಡ್ಡೆ ಬರುತ್ತದೆ. ಹಿಮಾಚಲದ ಉಂಡೆಯನ್ನು ಮತ್ತೆ ಬಿತ್ತಿದರೆ ನಮ್ಮಲ್ಲಿ ಅದೇ ಕಥೆ. ಅದನ್ನು ಚಟ್ನಿಗೆ ಹಾಕುವುದೇ ವಾಸಿ.

ಯಾವ ಯಾವ ಬಗೆ, ನಮಗೆ ಯಾವುದು

ಬೆಳ್ಳುಳ್ಳಿಯಲ್ಲಿ ದೊಡ್ಡದಾಗಿ ಎರಡು ಪಂಗಡ. ಒಂದು ಗಟ್ಟಿ ಕತ್ತಿನದು. ಅದರ ನಡುವಿನಿಂದ ಗಟ್ಟಿ ದಂಟೊಂದು ಎದ್ದು ಹಾವಿನ ಹಾಗೆ ಸುರುಳಿ ಸುತ್ತಿ ತುದಿಯಲ್ಲಿ ಹೂವಿನ ಗುಚ್ಛದಂಥದ್ದು ಬಿಡುತ್ತದೆ. ಗಡ್ಡೆಯಲ್ಲಿ ಎಸಳು ಕಡಿಮೆ, ಒಂದೊಂದೂ ದಪ್ಪ, ದಂಟಿನ ಸುತ್ತ ಒಂದೇ ಸುತ್ತು. ಇದು ಚಳಿ ದೇಶದ ಗಿಡ, ಅಂತರ್ಜಾಲದಲ್ಲಿ ಕಾಣುವ ಚೆಂದದ ನೇರಳೆ ಪಟ್ಟೆಯ ಬೆಳ್ಳುಳ್ಳಿಗಳಲ್ಲಿ ಬಹಳಷ್ಟು ಇದೇ ಪಂಗಡದವು. ಇನ್ನೊಂದು ಮೆತ್ತನೆ ಕತ್ತಿನದು. ದಂಟು ಏಳುವುದಿಲ್ಲ, ಎಸಳು ಎರಡು ಮೂರು ಸುತ್ತು, ಒಳಗಿನವು ಸಣ್ಣ. ಒಣಗಿದ ಮೇಲೆ ಕತ್ತನ್ನು ಜಡೆ ಹಾಗೆ ಹೆಣೆಯಬಹುದು. ನಮ್ಮ ಬಯಲು ಸೀಮೆಯ ಬೆಳ್ಳುಳ್ಳಿಗಳೆಲ್ಲ ಈ ಕಡೆಯವು. ಇವು ಜಾಸ್ತಿ ದಿನ ಕೆಡದೆ ಇರುತ್ತವೆ ಕೂಡ.

ನಮ್ಮ ಹಿತ್ತಲಿಗೆ ನಾನು ಮೊದಲು ಹೇಳುವುದು ಜವಾರಿಯನ್ನೇ. ಗದಗ, ಹಾವೇರಿ, ಧಾರವಾಡ ಕಡೆ ತಲೆಮಾರುಗಳಿಂದ ಬೆಳೆದುಕೊಂಡು ಬಂದದ್ದು. ಸಂತೆಯಲ್ಲಿ ಕೇಳಿದರೆ ಸಿಗುತ್ತದೆ. ಗಡ್ಡೆ ಸಣ್ಣದು, ಎಸಳು ಸಣ್ಣದು, ಸುಲಿಯಲು ತಾಳ್ಮೆ ಬೇಕು. ಆದರೆ ಉಪ್ಸಾರಿನ ಖಾರಕ್ಕೆ ನಾಲ್ಕೇ ಎಸಳು ಜಜ್ಜಿ ಹಾಕಿ ನೋಡಿ, ದಪ್ಪ ಎಸಳಿನದು ಎಂಟು ಹಾಕಿದರೂ ಆ ಘಾಟು ಬರುವುದಿಲ್ಲ.

ಸ್ವಲ್ಪ ದೊಡ್ಡ ಎಸಳು ಬೇಕು ಅನ್ನುವವರಿಗೆ ಸಂಶೋಧನಾ ಸಂಸ್ಥೆಗಳ ಗಿಡ್ಡ ಹಗಲಿನ ತಳಿಗಳಿವೆ. ಪುಣೆ ಹತ್ತಿರ ರಾಜಗುರುನಗರದಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯದ ಭೀಮಾ ಪರ್ಪಲ್ ತಳಿಯನ್ನು ಕರ್ನಾಟಕಕ್ಕೂ ಶಿಫಾರಸು ಮಾಡಿದ್ದಾರೆ. ಸಿಪ್ಪೆ ನೇರಳೆ, ಗಡ್ಡೆಗೆ 16–20 ಎಸಳು, ಸುಮಾರು ನಾಲ್ಕರಿಂದ ನಾಲ್ಕೂವರೆ ತಿಂಗಳ ಬೆಳೆ. ನನ್ನ ಮಡಿಯಲ್ಲಿ ಈಗ ಅರ್ಧ ಜವಾರಿ, ಅರ್ಧ ಇದು. ರಾಷ್ಟ್ರೀಯ ತೋಟಗಾರಿಕಾ ಸಂಶೋಧನೆ ಮತ್ತು ಅಭಿವೃದ್ಧಿ ಪ್ರತಿಷ್ಠಾನದ ಯಮುನಾ ಸಫೇದ್, ಅಗ್ರಿಫೌಂಡ್ ವೈಟ್ ಕೂಡ ಬಯಲಿನವೇ. ಯಮುನಾ ಸಫೇದ್‌ನಲ್ಲೇ ಮೂರನೆಯದು, ಜಿ-282 ಅಂತ ಕರೆಯುವುದು, ಎಸಳು ಕಡಿಮೆ ಆದರೆ ದಪ್ಪ. ಅದೇ ಸಂಸ್ಥೆಯ ಅಗ್ರಿಫೌಂಡ್ ಪಾರ್ವತಿ ಹೆಸರು ಕೇಳಿ ಮರುಳಾಗಬೇಡಿ. ಅದು ಉತ್ತರದ ಬೆಟ್ಟಗಳಿಗೆ ಮಾಡಿದ ಉದ್ದ ಹಗಲಿನ ತಳಿ.

ಆನೆ ಬೆಳ್ಳುಳ್ಳಿ ಅಂತ ಒಂದಿದೆ, ಮುಷ್ಟಿ ಗಾತ್ರದ ಗಡ್ಡೆ, ನಾಲ್ಕಾರು ಎಸಳು. ಸಸ್ಯಶಾಸ್ತ್ರದ ಪ್ರಕಾರ ಅದು ಬೆಳ್ಳುಳ್ಳಿಗಿಂತ ಲೀಕ್ ಅನ್ನುವ ಸೊಪ್ಪಿನ ಈರುಳ್ಳಿಗೆ ಹತ್ತಿರದ ನೆಂಟ. ಘಾಟು ಕಡಿಮೆ, ಅದಕ್ಕೂ ಚಳಿ ಬೇಕು. ನಮ್ಮ ಅಡುಗೆಗೆ ಅದರ ಅಗತ್ಯ ನನಗೆ ಕಂಡಿಲ್ಲ.

ದೊಡ್ಡ ಎಸಳಿನ ಬೆಟ್ಟದ ಬೆಳ್ಳುಳ್ಳಿಯನ್ನು ಬೆಳೆಯಲೇಬೇಕು ಅನ್ನುವವರಿಗೆ ಫ್ರಿಜ್ ಒಂದು ದಾರಿ. ಗಡ್ಡೆಯನ್ನು ಬಿಡಿಸದೆ ಕಾಗದದ ಚೀಲದಲ್ಲಿ ಹಾಕಿ, ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಆರು ವಾರ ಇಟ್ಟು, ತೆಗೆದ ತಕ್ಷಣ ಬಿತ್ತಬೇಕು. ಸಿಗದ ಚಳಿಯನ್ನು ನಾವೇ ಕೊಟ್ಟ ಹಾಗೆ. ನಾನು ಎರಡನೇ ವರ್ಷ ಹೀಗೆ ಮಾಡಿದೆ. ಉಂಡೆಯ ಬದಲು ನಾಲ್ಕೈದು ಎಸಳಿನ ಸಣ್ಣ ಗಡ್ಡೆ ಬಂತು. ಖುಷಿಯಾಯಿತು, ಆದರೆ ಬಿತ್ತಿದ ತೂಕಕ್ಕೂ ಬಂದ ತೂಕಕ್ಕೂ ಜಾಸ್ತಿ ವ್ಯತ್ಯಾಸ ಇರಲಿಲ್ಲ. ತಿನ್ನಲು ಇಟ್ಟುಕೊಂಡ ಬೆಳ್ಳುಳ್ಳಿ ಫ್ರಿಜ್ಜಿನಲ್ಲಿ ಯಾಕೆ ಬೇಗ ಮೊಳಕೆ ಒಡೆಯುತ್ತದೆ ಅನ್ನುವುದಕ್ಕೂ ಇದೇ ಕಾರಣ. ಅದು ಚಳಿಗಾಲ ಬಂತು ಅಂದುಕೊಳ್ಳುತ್ತದೆ.

ಸ್ವಾತಿ ಮಳೆ ಕಳೆಯಲಿ

ನಮ್ಮ ಎರಡು ಜಿಲ್ಲೆಗಳಲ್ಲಿ ಒಂದೇ ಮಾತು ಎಲ್ಲರಿಗೂ ಸಲ್ಲುವುದಿಲ್ಲ. ಅರಸೀಕೆರೆ, ಕಡೂರು ಕಡೆ ಮಳೆ ಕಡಿಮೆ, ಒಣ ಹವೆ. ಬೆಳ್ಳುಳ್ಳಿಗೆ ಅದು ಇಷ್ಟ, ನೀರಿನ ಅನುಕೂಲ ಇದ್ದರೆ ಸಾಕು. ಹಾಸನ, ಬೇಲೂರು, ಆಲೂರು ಅರೆ ಮಲೆನಾಡು, ಮುಂಗಾರು ಬೆಳೆ ಎತ್ತಿದ ನೆಲ ಚಳಿಗಾಲಕ್ಕೆ ಖಾಲಿ ಇರುತ್ತದೆ. ಆಲೂಗಡ್ಡೆ ಕಿತ್ತ ಜಾಗ ಸಡಿಲವಾಗಿರುವುದರಿಂದ ಬೆಳ್ಳುಳ್ಳಿಗೆ ತುಂಬಾ ಚೆನ್ನಾಗಿ ಹೊಂದುತ್ತದೆ. ಈರುಳ್ಳಿ ಬೆಳೆದಿದ್ದ ಜಾಗಕ್ಕೆ ಮಾತ್ರ ಹಾಕಬೇಡಿ, ಎರಡಕ್ಕೂ ರೋಗಗಳು ಒಂದೇ.

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರಿಗೆ ತೊಂದರೆ ಎರಡು. ಒಂದು ನೆರಳು. ಕಾಫಿ ಗಿಡಕ್ಕೆ ಸಿಲ್ವರ್ ಓಕ್ ನೆರಳು ಸರಿ, ಬೆಳ್ಳುಳ್ಳಿಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಕಣದ ಅಂಚು, ಮನೆಯ ದಕ್ಷಿಣ ಮಗ್ಗುಲು ನೋಡಿ. ಇನ್ನೊಂದು ಹುಳಿ ಮಣ್ಣು. ವರ್ಷಗಟ್ಟಲೆ ಸುರಿದ ಮಳೆ ಮಣ್ಣಿನ ಸುಣ್ಣದ ಅಂಶವನ್ನೆಲ್ಲ ತೊಳೆದುಬಿಟ್ಟಿರುತ್ತದೆ. ಬೆಳ್ಳುಳ್ಳಿ ಕೇಳುವುದು ಪಿಎಚ್ 6ರಿಂದ 7ರ ಮಣ್ಣು. ತೋಟಕ್ಕೆ ಸುಣ್ಣ ಹಾಕುವುದು ನಿಮಗೆ ಹೊಸದಲ್ಲ, ಹಿತ್ತಲ ಮಡಿಗೂ ಅದೇ ಕೃಷಿ ಸುಣ್ಣವನ್ನು ಬಿತ್ತನೆಗೆ ಮೂರ್ನಾಲ್ಕು ವಾರ ಮೊದಲು ಬೆರೆಸಿ. ಎಷ್ಟು ಅನ್ನುವುದನ್ನು ಮಣ್ಣು ಪರೀಕ್ಷೆ ಹೇಳುತ್ತದೆ. ಹಾಸನದವರಿಗೆ ಕಂದಲಿಯಲ್ಲಿ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಹೋಗಿ ಕೇಳಿ. ಸುಣ್ಣವನ್ನೂ ಕೊಟ್ಟಿಗೆ ಗೊಬ್ಬರವನ್ನೂ ಒಟ್ಟಿಗೆ ಸುರಿಯಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗಿಬಿಡುತ್ತದೆ.

ಬಿತ್ತುವ ಹೊತ್ತು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ. ನಾನು ಸ್ವಾತಿ ಮಳೆಯನ್ನು ಗುರುತಾಗಿ ಇಟ್ಟುಕೊಂಡಿದ್ದೇನೆ. ಅದು ಕಳೆದು, ಮಣ್ಣು ಹಿಡಿದರೆ ಉಂಡೆಯಾಗಿ, ಬೆರಳಿನಿಂದ ಒತ್ತಿದರೆ ಪುಡಿಯಾಗುವ ಹದಕ್ಕೆ ಬಂದಾಗ ಬಿತ್ತಬೇಕು. ಆಗ ಬಿತ್ತಿದರೆ ಗಿಡಕ್ಕೆ ನಾಲ್ಕೈದು ಎಲೆ ಬರುವ ಹೊತ್ತಿಗೆ ಡಿಸೆಂಬರ್ ಚಳಿ ಸಿಗುತ್ತದೆ, ಹಗಲು ಉದ್ದವಾಗಲು ಶುರುವಾಗುವ ಹೊತ್ತಿಗೆ ಎಲೆ ತುಂಬಿರುತ್ತದೆ, ಕೀಳುವ ಹೊತ್ತಿಗೆ ಒಣ ಮಾರ್ಚ್ ಇರುತ್ತದೆ. ಕಾಫಿ ಹೂ ಮಳೆ ಬರುವ ಮೊದಲು ಬೆಳ್ಳುಳ್ಳಿ ಒಳಗೆ ಸೇರಿರಬೇಕು. ಡಿಸೆಂಬರ್ ಕೊನೆಗೆ ಬಿತ್ತಿದವರದು ಎರಡೂ ಕಡೆ ನಷ್ಟ. ಎಲೆ ತುಂಬುವ ಮೊದಲೇ ಬಿಸಿ ಏರಿ, ಗಿಡ ಇದ್ದಷ್ಟರಲ್ಲೇ ಬುತ್ತಿ ಕಟ್ಟಿಬಿಡುತ್ತದೆ.

ಎಸಳು ನೆಡುವಾಗ

ಮೂರು ಮೀಟರ್ ಉದ್ದ, ಒಂದು ಮೀಟರ್ ಅಗಲದ ಮಡಿಯ ಲೆಕ್ಕ ಹೇಳುತ್ತೇನೆ. ಸಾಲಿನಿಂದ ಸಾಲಿಗೆ 15 ಸೆಂಟಿಮೀಟರ್, ಎಸಳಿನಿಂದ ಎಸಳಿಗೆ 10. ಅಂದರೆ 200 ಎಸಳು. ಒಂದು ಗಡ್ಡೆಯಿಂದ ಹೊರಸುತ್ತಿನ ಹತ್ತು ಒಳ್ಳೆ ಎಸಳು ಸಿಕ್ಕರೆ 20 ಗಡ್ಡೆ ಬೇಕು, ಹೆಚ್ಚುಕಡಿಮೆ ಅರ್ಧ ಕೆಜಿ. ಒಂದೊಂದು ಗಡ್ಡೆ 15–20 ಗ್ರಾಂ ತೂಗಿದರೂ ಮೂರ್ನಾಲ್ಕು ಕೆಜಿ ಬೆಳೆ.

ಬಿತ್ತುವ ದಿನವೇ ಗಡ್ಡೆ ಬಿಡಿಸಿ, ಮೊದಲೇ ಬಿಡಿಸಿಟ್ಟರೆ ಎಸಳಿನ ಬುಡ ಒಣಗುತ್ತದೆ. ಒಂದು ಎಸಳನ್ನು ಹತ್ತಿರದಿಂದ ನೋಡಿ. ಒಂದು ತುದಿ ಚೂಪು, ಇನ್ನೊಂದು ಕಡೆ ಚಪ್ಪಟೆಯಾದ, ಸ್ವಲ್ಪ ಒರಟಾದ ಮಚ್ಚೆ. ಆ ಮಚ್ಚೆ ಕಾಂಡ, ಬೇರು ಬರುವುದು ಅಲ್ಲಿಂದ. ಅದಕ್ಕೆ ಗಾಯವಾಗಿದ್ದರೆ ಎಸಳು ಮಣ್ಣಿನಲ್ಲಿ ಕೊಳೆಯುತ್ತದೆ. ಹೊರಗಿನ ತೆಳು ಸಿಪ್ಪೆ ಸುಲಿಯಬೇಡಿ. ಚೂಪು ತುದಿ ಮೇಲೆ ಬರುವ ಹಾಗೆ, ಎಸಳಿನ ಮೇಲೆ ಎರಡು ಮೂರು ಸೆಂಟಿಮೀಟರ್ ಮಣ್ಣು ನಿಲ್ಲುವ ಹಾಗೆ ಊರಿ. ತಲೆಕೆಳಗಾಗಿ ನೆಟ್ಟರೂ ಮೊಳಕೆ ಬಳಸಿಕೊಂಡು ಮೇಲೆ ಬರುತ್ತದೆ, ಆದರೆ ಕತ್ತು ಸೊಟ್ಟಗಾಗಿ ಗಡ್ಡೆಯ ಆಕಾರ ಕೆಡುತ್ತದೆ. ಮಕ್ಕಳ ಕೈಲಿ ಈ ಕೆಲಸ ಮಾಡಿಸಿ, ಅವರ ಬೆರಳಿನ ಅಳತೆ ಇದಕ್ಕೆ ಸರಿಯಾಗಿದೆ.

ಒಳಸುತ್ತಿನ ಸಣ್ಣ ಎಸಳು ಬಿತ್ತಬೇಡಿ. ಬೆಳ್ಳುಳ್ಳಿಗೆ ಬೀಜ ಅಂತ ಬೇರೆ ಇಲ್ಲ, ಎಸಳೇ ಬೀಜ. ಅದರಲ್ಲಿರುವ ಊಟದಿಂದಲೇ ಗಿಡದ ಮೊದಲ ತಿಂಗಳು ನಡೆಯಬೇಕು. ಸಣ್ಣ ಎಸಳುಗಳನ್ನು ಒಂದು ಕುಂಡದಲ್ಲಿ ಒತ್ತೊತ್ತಾಗಿ ಊರಿ, ನಾಲ್ಕು ವಾರಕ್ಕೆ ಹಸಿರು ಬೆಳ್ಳುಳ್ಳಿ ಸೊಪ್ಪು ಕತ್ತರಿಸಬಹುದು. ಸಣ್ಣಗೆ ಹೆಚ್ಚಿ ಅಕ್ಕಿರೊಟ್ಟಿ ಹಿಟ್ಟಿಗೆ ಕಲಸಿದರೆ ಮನೆಯೆಲ್ಲ ಘಮ. ಇದಕ್ಕೆ ಹಗಲಿನ ಲೆಕ್ಕವೂ ಬೇಡ, ತಳಿಯ ಲೆಕ್ಕವೂ ಬೇಡ, ಬಾಲ್ಕನಿ ಸಾಕು.

ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಆರೇಳು ಕೆಜಿ, ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಜಿಪ್ಸಂ ಹಾಕುತ್ತೇನೆ. ಜಿಪ್ಸಂ ಯಾಕೆ ಅಂದರೆ ಅದರಲ್ಲಿ ಗಂಧಕ ಇದೆ. ಬೆಳ್ಳುಳ್ಳಿಯ ಘಾಟೆಲ್ಲ ಗಂಧಕದ್ದೇ. ಸುಲಿದ ಇಡೀ ಎಸಳನ್ನು ಮೂಸಿ ನೋಡಿ, ವಾಸನೆ ಅಷ್ಟಾಗಿ ಇಲ್ಲ. ಜಜ್ಜಿದ ಕ್ಷಣ ಮೂಗಿಗೆ ಹೊಡೆಯುತ್ತದೆ. ಎಸಳಿನೊಳಗೆ ಅಲಿಯಿನ್ ಅನ್ನುವ ವಸ್ತು ಒಂದು ಕಡೆ, ಅಲಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆ ಇರುತ್ತವೆ. ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರಿ ಅಲಿಸಿನ್ ಆಗುತ್ತದೆ, ಆ ಘಾಟು ಅದರದು. ಬಿಸಿ ಎಣ್ಣೆಗೆ ಇಡೀ ಎಸಳು ಬಿದ್ದರೆ ಕಿಣ್ವ ಸತ್ತುಹೋಗಿ ಸಿಹಿ ರುಚಿ ಮಾತ್ರ ಉಳಿಯುತ್ತದೆ. ಜಜ್ಜಿ ಐದು ಹತ್ತು ನಿಮಿಷ ಬಿಟ್ಟು ಒಗ್ಗರಣೆಗೆ ಹಾಕಿ, ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ನೀರು, ನುಸಿ, ಮಚ್ಚೆ

ಬೆಳ್ಳುಳ್ಳಿಯ ಬೇರು ಆಳಕ್ಕೆ ಹೋಗುವುದಿಲ್ಲ. ಮೇಲ್ಮಣ್ಣು ಒಣಗಿದರೆ ಗಿಡ ಬಳಲುತ್ತದೆ, ನೀರು ನಿಂತರೆ ಬುಡ ಕೊಳೆಯುತ್ತದೆ. ಶುರುವಿನಲ್ಲಿ ಮೂರ್ನಾಲ್ಕು ದಿನಕ್ಕೊಮ್ಮೆ, ಬೇರು ಹಿಡಿದ ಮೇಲೆ ವಾರಕ್ಕೊಮ್ಮೆ ಸಾಕು. ಒಂದು ವಾರ ಮರೆತು ಇನ್ನೊಂದು ವಾರ ತುಂಬಿಸುವುದು ಬೇಡ, ಆಗ ಗಡ್ಡೆ ಬಿರಿಯುತ್ತದೆ. ಸಾಲಿನ ನಡುವೆ ಒಣಹುಲ್ಲು ಹೊದಿಸಿದರೆ ತೇವವೂ ಉಳಿಯುತ್ತದೆ, ಕಳೆಯೂ ಕಡಿಮೆ. ಕಳೆಯನ್ನು ಕೈಯಲ್ಲೇ ಕೀಳಿ, ಗುದ್ದಲಿ ಆಡಿಸಿದರೆ ಬೇರು ಹರಿಯುತ್ತದೆ.

ತಿಂಗಳಿಗೊಮ್ಮೆ ನೆನೆಸಿದ ಕಡಲೆಕಾಯಿ ಹಿಂಡಿಯ ನೀರನ್ನು ತಿಳಿ ಮಾಡಿ ಹಾಕಬಹುದು. ಆದರೆ ಒಂದೂವರೆ ತಿಂಗಳಾದ ಮೇಲೆ ಸಾರಜನಕದ ಗೊಬ್ಬರ ನಿಲ್ಲಿಸಲೇಬೇಕು. ಆಮೇಲೂ ಹಾಕುತ್ತಾ ಹೋದರೆ ಗಡ್ಡೆ ಬಲಿಯುವ ಬದಲು ಎಸಳುಗಳು ಮಣ್ಣಿನಲ್ಲೇ ಮೊಳಕೆ ಒಡೆದು ಪಕ್ಕದಿಂದ ಸಣ್ಣ ಎಲೆಗಳು ಏಳುತ್ತವೆ. ಕಂಡವರು "ಎಷ್ಟು ಚೆನ್ನಾಗಿ ಮರಿ ಹಾಕಿದೆ" ಅನ್ನುತ್ತಾರೆ. ಅದು ಚೆನ್ನಲ್ಲ, ಅಂಥ ಗಡ್ಡೆ ಒಂದು ತಿಂಗಳೂ ಇಡಲು ಬರುವುದಿಲ್ಲ.

ಜನವರಿಯಲ್ಲಿ ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರು ಕಂಡರೆ ಎಲೆಯ ಸಂದಿ ಬಿಡಿಸಿ ನೋಡಿ. ಸೂಜಿ ಮೊನೆಯಷ್ಟು ಹಳದಿ ಹುಳುಗಳು ಓಡಾಡುತ್ತವೆ. ಅವೇ ಥ್ರಿಪ್ಸ್, ಎಲೆ ಕೆರೆದು ರಸ ಹೀರುವ ನುಸಿ. ಬೆಳಿಗ್ಗೆ ಹೊತ್ತು ಪೈಪಿನಿಂದ ರಭಸವಾಗಿ ನೀರು ಹೊಡೆದರೆ ಬಹಳಷ್ಟು ಉದುರುತ್ತವೆ. ಹೆಚ್ಚಾದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ಇದನ್ನು ಅಲ್ಲಿಗೇ ತಡೆಯುವುದು ಮುಖ್ಯ. ಥ್ರಿಪ್ಸ್ ಕೆರೆದ ಗಾಯದಿಂದ ನೇರಳೆ ಮಚ್ಚೆ ರೋಗದ ಶಿಲೀಂಧ್ರ ಸುಲಭವಾಗಿ ಒಳಗೆ ಹೋಗುತ್ತದೆ. ನಮ್ಮ ಕಡೆ ಇಬ್ಬನಿ ಜಾಸ್ತಿ, ಬೆಳಿಗ್ಗೆ ಒಂಬತ್ತರವರೆಗೂ ಎಲೆ ಒದ್ದೆ. ಅದರ ಮೇಲೆ ಮಾಮೂಲಿ ನೀರು ಹಾಕುವಾಗಲೂ ಸಂಜೆ ಎಲೆ ನೆನೆಸಿದರೆ ರೋಗಕ್ಕೆ ಹಾಸಿಗೆ ಹಾಸಿಕೊಟ್ಟ ಹಾಗೆ. ನುಸಿ ಉದುರಿಸುವಾಗ ಬಿಟ್ಟರೆ ನೀರು ಯಾವಾಗಲೂ ಬುಡಕ್ಕೇ. ಮಚ್ಚೆ ಬಿದ್ದ ಎಲೆ ಕತ್ತರಿಸಿ ಸುಟ್ಟುಬಿಡಿ, ತಿಪ್ಪೆಗೆ ಹಾಕಬೇಡಿ.

ಕೀಳುವುದು, ಒಣಗಿಸುವುದು, ಬೀಜಕ್ಕೆ ಎತ್ತಿಡುವುದು

ಕೆಳಗಿನ ಎಲೆಗಳು ಒಣಗಿ, ಮೇಲೆ ಐದಾರು ಎಲೆ ಇನ್ನೂ ಹಸಿರಿದ್ದು, ಕತ್ತು ಮೆತ್ತಗಾಗಿ ಬಾಗಲು ಶುರುವಾದರೆ ಕೀಳುವ ಹೊತ್ತು. ಎಲ್ಲ ಎಲೆಯೂ ಒಣಗಲಿ ಅಂತ ಕಾಯಬಾರದು. ಬೆಳ್ಳುಳ್ಳಿ ಗಡ್ಡೆಯ ಸುತ್ತ ಇರುವ ಕಾಗದದಂಥ ಸಿಪ್ಪೆ ಎಲ್ಲಿಂದ ಬರುತ್ತದೆ ಗೊತ್ತಾ? ಒಂದೊಂದು ಎಲೆಯ ಬುಡವೂ ಒಂದೊಂದು ಪದರ. ಎಲೆ ಒಣಗಿ ಕೊಳೆಯುತ್ತಾ ಹೋದ ಹಾಗೆ ಹೊರಗಿನಿಂದ ಒಂದೊಂದೇ ಪದರ ಮಣ್ಣಿನಲ್ಲಿ ಕರಗುತ್ತದೆ. ಪೂರ್ತಿ ಒಣಗುವವರೆಗೆ ಬಿಟ್ಟರೆ ಗಡ್ಡೆ ಬಿಚ್ಚಿಕೊಂಡು ಎಸಳುಗಳು ಬಿಡಿಬಿಡಿಯಾಗಿ ಸಿಗುತ್ತವೆ. ಅನುಮಾನ ಇದ್ದರೆ ಒಂದು ಗಿಡ ಕಿತ್ತು ಅಡ್ಡ ಕೊಯ್ದು ನೋಡಿ. ಎಸಳುಗಳು ತುಂಬಿ ಸಿಪ್ಪೆಗೆ ಒತ್ತಿಕೊಂಡಿದ್ದರೆ ಸರಿ.

ಕೀಳುವ ಹತ್ತು ಹದಿನೈದು ದಿನ ಮೊದಲೇ ನೀರು ನಿಲ್ಲಿಸಿರಬೇಕು. ಕಿತ್ತ ಗಿಡವನ್ನು ಬಡಿಯಬೇಡಿ, ತೊಳೆಯಬೇಡಿ. ಎರಡು ಮೂರು ದಿನ ಮಡಿಯಲ್ಲೇ ಒಂದರ ಗಡ್ಡೆಯ ಮೇಲೆ ಇನ್ನೊಂದರ ಎಲೆ ಬರುವ ಹಾಗೆ ಸಾಲಾಗಿ ಮಲಗಿಸಿ, ನೇರ ಬಿಸಿಲು ಬಿದ್ದರೆ ಗಡ್ಡೆ ಬೇಯುತ್ತದೆ. ಆಮೇಲೆ ಎಲೆ ಸಮೇತ ಹತ್ತಿಪ್ಪತ್ತರ ಕಟ್ಟು ಕಟ್ಟಿ, ಗಾಳಿ ಆಡುವ ನೆರಳಿನಲ್ಲಿ ತೂಗುಹಾಕಿ. ಹಳೆ ಮನೆಗಳಲ್ಲಿ ಸೌದೆ ಒಲೆಯ ಮೇಲಿನ ಜಂತಿಗೆ ಕಟ್ಟುತ್ತಿದ್ದರು, ಹೊಗೆ ತಾಗಿದ ಬೆಳ್ಳುಳ್ಳಿ ಮಳೆಗಾಲದ ಥಂಡಿಗೂ ಬೂಷ್ಟು ಹಿಡಿಯುತ್ತಿರಲಿಲ್ಲ. ಈಗ ನಾನು ಮೆಟ್ಟಿಲ ಕೆಳಗೆ ತಂತಿ ಕಟ್ಟಿದ್ದೇನೆ. ಎರಡು ವಾರಕ್ಕೆ ಕತ್ತು ಪೂರ್ತಿ ಒಣಗುತ್ತದೆ. ಆಮೇಲೆ ಬೇರು ಕತ್ತರಿಸಬಹುದು.

ತಿನ್ನುವ ಮೊದಲು ಬೀಜ ಎತ್ತಿಡಿ. ಇದು ಕಷ್ಟದ ಕೆಲಸ, ಯಾಕೆಂದರೆ ಎತ್ತಿಡಬೇಕಾದ್ದು ಅತಿ ದೊಡ್ಡ, ಅತಿ ಚೆಂದದ ಗಡ್ಡೆಗಳನ್ನೇ. ಮನೆಯವರೆಲ್ಲ ಅದನ್ನೇ ಕೇಳುತ್ತಾರೆ. ಕೊಡಬೇಡಿ. ಎಸಳಿನಿಂದ ಹುಟ್ಟಿದ ಗಿಡ ತಾಯಿಯ ಅಚ್ಚು, ಹೊಸ ಗುಣ ಬೆರೆಯುವುದಿಲ್ಲ. ಹಾಗಾಗಿ ತಾಯಿಯಲ್ಲಿದ್ದ ನಂಜು ರೋಗ, ಬುಡದ ಕೊಳೆ ಕೂಡ ಎಸಳಿನ ಜೊತೆಗೇ ಮುಂದಿನ ವರ್ಷಕ್ಕೆ ಬರುತ್ತದೆ. ಎಲೆಯಲ್ಲಿ ಹಳದಿ ಪಟ್ಟೆ ಇದ್ದ, ಮುರುಟಿದ್ದ ಗಿಡಗಳಿಗೆ ಬೆಳೆಯುವಾಗಲೇ ದಾರ ಕಟ್ಟಿ ಗುರುತು ಮಾಡಿ, ಅವನ್ನು ಅಡುಗೆಗೆ ಮಾತ್ರ ಬಳಸಿ. ಸತತವಾಗಿ ಮೂರು ವರ್ಷ ಹೀಗೆ ಆರಿಸುತ್ತಾ ಬಂದ ಮೇಲೆ ನಮ್ಮ ಜವಾರಿ ಸಂತೆಯಿಂದ ತಂದದ್ದಕ್ಕಿಂತ ಎದ್ದು ಕಾಣುವಷ್ಟು ದಪ್ಪಗಿದೆ.

ಕಿತ್ತ ತಕ್ಷಣ ಬಿತ್ತಿದರೆ ಮೊಳೆಯುವುದಿಲ್ಲ. ಗಡ್ಡೆ ಎರಡು ತಿಂಗಳಿಗೂ ಜಾಸ್ತಿ ಗಾಢ ನಿದ್ದೆಯಲ್ಲಿರುತ್ತದೆ. ನಿದ್ದೆ ತಿಳಿಯಾಯಿತಾ ಅಂತ ನೋಡಲು ಒಂದು ದಾರಿ ಇದೆ. ದಸರಾ ಹೊತ್ತಿಗೆ ಬೀಜದ ಕಟ್ಟಿನಿಂದ ಒಂದು ಎಸಳು ತೆಗೆದು ಉದ್ದಕ್ಕೆ ಸೀಳಿ. ನಡುವೆ ಹಸಿರು ಮೊಳಕೆಯೊಂದು ಬುಡದಿಂದ ಮೇಲಕ್ಕೆ ಎದ್ದಿರುತ್ತದೆ. ಅದು ಎಸಳಿನ ಅರ್ಧ ಉದ್ದ ದಾಟಿದ್ದರೆ ಬೀಜ ತಯಾರು. ದಾಟಿಲ್ಲದಿದ್ದರೆ ಕಟ್ಟನ್ನು ಹತ್ತು ದಿನ ಮನೆಯ ತಂಪಾದ ಮೂಲೆಗೆ ಬದಲಾಯಿಸಿ, ಅಷ್ಟರಲ್ಲಿ ಮಡಿ ಅಗೆದು ಗೊಬ್ಬರ ಬೆರೆಸಿಕೊಳ್ಳಿ.